ನೋಡುವ ಮೆಣಸಿನಕಾಯಿ

೧೦ ಜೂನ್ ೨೦೨೪, ಸೋಮವಾರ

ಕಡ್ಡಿ: ಒಂಬತ್ತು.

ದಾವಣಗೆರೆಯ ಹಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ಈ ನೋಟ್‌ಬುಕ್ ಕೊಟ್ಟಿರುವುದು ಇಷ್ಟನ್ನು ಬರೆಯಲಿಕ್ಕೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟುಕೊಳ್ಳಬೇಕು. ಎಷ್ಟು ಕಡ್ಡಿ ಹಿಡಿಯಿತು ಎಂದು ದಿನಾಂಕ ಹಾಕಿ ಬರೆಯಬೇಕು. ಆಮೇಲೆ ನಡುವೆ ಇನ್ನೊಂದು ಕಡ್ಡಿ ತೂರಿಸಲು ನೋಡಬೇಕು. ಸರಿಯಿರುವ ಬಾಯಿಗೆ ಇಪ್ಪತ್ತರ ಹತ್ತಿರ ಹಿಡಿಯುತ್ತವಂತೆ. ನನ್ನದು ಒಂಬತ್ತಕ್ಕೆ ನಿಂತಿದೆ. ಅಡಿಕೆ ಅಗಿದು ಅಗಿದು ಕೆನ್ನೆಯ ಒಳಚರ್ಮ ಹಗ್ಗದಂತೆ ಬಿಗಿದುಕೊಂಡಿದೆ ಎಂದರು. ಎಡಗೆನ್ನೆಯಲ್ಲಿ ಒಂದು ಬಿಳಿ ಮಚ್ಚೆಯೂ ಇದೆ. ಅದು ಹಾಗೇ ಇದ್ದರೆ ಸರಿ, ಕೆರಳಿದರೆ ಕ್ಯಾನ್ಸರ್. ಅಡಿಕೆ ಇವತ್ತಿನಿಂದಲೇ ಬಂದ್. ಖಾರವೂ ಬಂದ್.

ಚನ್ನಗಿರಿಯಲ್ಲಿ ಹುಟ್ಟಿ, ಮೂವತ್ತು ವರ್ಷದಿಂದ ವಿರೂಪಾಕ್ಷಪ್ಪನವರ ಮಂಡಿಯಲ್ಲಿ ಅಡಿಕೆ ನೋಡುವ ಕೆಲಸ ಮಾಡುತ್ತಿರುವವನಿಗೆ ಹೇಳುವ ಮಾತೇ ಇದು? ಅಡಕತ್ತರಿಯಲ್ಲಿ ಸೀಳಿ, ಒಂದು ಚೂರನ್ನು ಹಲ್ಲಿಗೆ ಕೊಟ್ಟು, ಇದು ಚೆನ್ನಾಗಿ ಬೆಂದಿದೆ, ಇದು ಇನ್ನೂ ಹಸಿ ಇದೆ ಎಂದು ಹೇಳುವುದೇ ನನ್ನ ಅನ್ನ. ರುದ್ರಮುನಿ ಕಚ್ಚಿ ನೋಡಿದ ಅಡಿಕೆ ಎಂದರೆ ಯಾರೂ ಎರಡನೇ ಸಲ ನೋಡುವುದಿಲ್ಲ.

ಮಾತಾಡಿದರೆ ಬಾಯಿ ಉರಿಯುತ್ತದೆ, ಸುಮ್ಮನಿದ್ದರೆ ತಲೆ ಉರಿಯುತ್ತದೆ. ಅದಕ್ಕೆ ಮಿಕ್ಕಿದ್ದನ್ನೂ ಇಲ್ಲೇ ಬರೆಯುತ್ತೇನೆ. ಡಾಕ್ಟರಮ್ಮನಿಗೆ ಅಂಕಿಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ ಕೊಟ್ಟರಾಯಿತು.

೧೩ ಜೂನ್, ಗುರುವಾರ

ಕಡ್ಡಿ: ಒಂಬತ್ತು.

ಮನೆಯಲ್ಲಿ ಒಂದು ಮೆಣಸಿನಕಾಯಿ ಇಲ್ಲ. ಹೆಂಡತಿ ಶಿವಲೀಲಾ ಖಾರದಪುಡಿಯ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದಾಳೆ. ತನ್ನ ಎಲೆಅಡಿಕೆ ತಟ್ಟೆಯನ್ನೂ ತೊಳೆದು ಒರೆಸಿ ಅಟ್ಟದ ಮೇಲಿಟ್ಟಳು. ನೀವು ಬಿಟ್ಟ ಮೇಲೆ ನಾನ್ಯಾಕೆ ಹಾಕ್ಲಿ ಅಂದಳು. ಸಾರು ಪಾತ್ರೆ ತೊಳೆದ ನೀರಿನ ಹಾಗಿತ್ತು. ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಕೊಟ್ಟಳು, ಹಸುಗೂಸಿಗೆ ಕೊಟ್ಟ ಹಾಗೆ. ತನಗೂ ಅದನ್ನೇ ಕಿವುಚಿಕೊಂಡಳು. ನನಗೆ ಜೊತೆಯಾಗಲೆಂದು ಮಾಡುತ್ತಾಳೆ, ಗೊತ್ತು. ಆದರೂ ಸಿಟ್ಟು ಬಂತು. ಹಸಿಮೆಣಸಿನಕಾಯಿ ಕಚ್ಚಿಕೊಂಡು ನಾಲ್ಕು ರೊಟ್ಟಿ ತಿನ್ನುತ್ತಿದ್ದ ಮನೆ ಇದು. ಅವಳು ನನಗಿಂತ ಒಂದು ಕಾಯಿ ಹೆಚ್ಚೇ ತಿನ್ನುತ್ತಿದ್ದಳು.

ತಟ್ಟೆ ತಳ್ಳಿ ಎದ್ದೆ.

೧೭ ಜೂನ್, ಸೋಮವಾರ

ಇವತ್ತು ಎರಡೂ ಕೆನ್ನೆಗೆ ಒಳಗಿಂದ ಇಂಜೆಕ್ಷನ್ ಕೊಟ್ಟರು. ಜೀವವೇ ಹೋದ ಹಾಗಾಯಿತು. ಹದಿನೈದು ದಿನಕ್ಕೊಮ್ಮೆ ಹೀಗೇ ಬರಬೇಕಂತೆ.

ಶಿವಲೀಲಾ ಜೊತೆಗೆ ಬಂದಿದ್ದಳು. ನನ್ನ ಕೆನ್ನೆ ಬೋಂಡಾದಂತೆ ಊದಿರುವಾಗ ಇವಳು ಡಾಕ್ಟರಮ್ಮನ ಎದುರು ಕೂತು ವಿಚಾರಣೆ ಶುರು ಮಾಡಿದಳು. ಹೊಗೆಸೊಪ್ಪು ಮುಟ್ಟದೆ ಬರೀ ಎಲೆಅಡಿಕೆ ಹಾಕುವವರಿಗೂ ಇದು ಬರುತ್ತದೆಯೇ, ಹೆಂಗಸರಿಗೂ ಬರುತ್ತದೆಯೇ, ಮೊದಲು ಏನು ಗೊತ್ತಾಗುತ್ತದೆ. ಅಡಿಕೆಯೊಂದೇ ಸಾಕು, ಹೆಂಗಸರ ಬಾಯಿಯನ್ನು ದೇವರು ಬೇರೆ ಮಾಡಿಲ್ಲವಲ್ಲ ಎಂದು ಡಾಕ್ಟರಮ್ಮ ನಕ್ಕರು. ಮೊದಲು ಉರಿ, ಆಮೇಲೆ ಬಿಗಿತ ಎಂದೂ ಹೇಳಿದರು. ಓಣಿಯ ಹೆಂಗಸರಿಗೆಲ್ಲ ವರದಿ ಒಪ್ಪಿಸಬೇಕಲ್ಲ ಇವಳಿಗೆ. ಊರ ಉಸಾಬರಿ ನಮಗ್ಯಾಕೆ ಎಂದು ಹೊರಗೆ ಬಂದ ಮೇಲೆ ಬೈದೆ. ಬೈಯುವುದಕ್ಕೂ ಬಾಯಿ ತೆರೆಯಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮಿರ್ಚಿ ಗಾಡಿ. ಬಿಸಿ ಬಿಸಿ ಮಿರ್ಚಿ ಎಣ್ಣೆಯಿಂದ ಮೇಲೆ ಬರುತ್ತಿದ್ದವು. ನಾನು ತಿನ್ನುವಂತಿಲ್ಲ, ನೀನಾದರೂ ತಿನ್ನು ಎಂದೆ. ದಾವಣಗೆರೆಗೆ ಬಂದು ಮಿರ್ಚಿ ತಿನ್ನದೆ ಅವಳು ಬಸ್ ಹತ್ತಿದ್ದೇ ಇಲ್ಲ. ನಿಮ್ಮೆದುರಿಗೆ ಹೆಂಗೆ ತಿನ್ಲಿ ಅಂದು ಒಂದು ಬಾಳೆಹಣ್ಣು ಕೊಂಡಳು. ಅದನ್ನೂ ಚೂರು ಚೂರು ಮುರಿದು ತಿಂದು ಮುಗಿಸುವಷ್ಟರಲ್ಲಿ ಬಸ್ ಸಂತೆಬೆನ್ನೂರು ದಾಟಿತ್ತು.

೨೬ ಜೂನ್, ಬುಧವಾರ

ಕಡ್ಡಿ: ಒಂಬತ್ತು. ಅಲುಗುತ್ತಿಲ್ಲ.

ನ್ಯಾಮತಿ ಕಡೆ ಒಂದು ತೋಟದ ಫಸಲು ನೋಡಿಕೊಂಡು ಬಾ ಎಂದು ವಿರೂಪಾಕ್ಷಪ್ಪನವರು ಕಳಿಸಿದ್ದರು. ಬರುವಾಗ ಸಾಸ್ವೆಹಳ್ಳಿ ದಾರಿಯಲ್ಲಿ ಗಾಡಿ ಪಂಕ್ಚರ್. ಪಂಕ್ಚರ್ ಅಂಗಡಿಯ ಪಕ್ಕ ಒಂದು ನರ್ಸರಿ. ಹೊತ್ತು ಹೋಗಲೆಂದು ಒಳಗೆ ಹೊಕ್ಕೆ.

ಅಲ್ಲೊಂದು ಕುಂಡದಲ್ಲಿ ಮೊಣಕಾಲೆತ್ತರದ ಗಿಡ. ಒಂದೇ ಗಿಡದಲ್ಲಿ ನೇರಳೆ, ಕೆನೆ, ಹಳದಿ, ಕಿತ್ತಳೆ, ಕೆಂಪು ಬಣ್ಣದ ಕಾಯಿಗಳು, ಕಿರುಬೆರಳಿನಷ್ಟು. ನಮ್ಮ ಮೆಣಸಿನಕಾಯಿ ನೆಲ ನೋಡಿಕೊಂಡು ಜೋತಾಡುತ್ತವೆ. ಇವು ಎಲ್ಲವೂ ಆಕಾಶ ನೋಡಿಕೊಂಡು ನೆಟ್ಟಗೆ ನಿಂತಿದ್ದವು. ಐದು ಬಣ್ಣದ ಕಾಯಿಯನ್ನು ಕಸಿ ಮಾಡಿದ್ದೀರಾ ಎಂದು ನರ್ಸರಿಯ ಜಯಪ್ಪನನ್ನು ಕೇಳಿದೆ. ನಕ್ಕ. ಕಸಿಯೂ ಅಲ್ಲ, ಏನೂ ಅಲ್ಲ, ಎಳೆಯದು ನೇರಳೆ, ಬಲಿಯುತ್ತಾ ಬಣ್ಣ ಬದಲಿಸುತ್ತಾ ಕೊನೆಗೆ ಕೆಂಪಿಗೆ ಬಂದು ನಿಲ್ಲುತ್ತದೆ ಎಂದ.

“ಇದು ತಿನ್ನಾಕೆ ಅಲ್ರಿ, ನೋಡಾಕೆ ಬೆಳೆಸೋ ಮೆಣಸಿನಕಾಯಿ,” ಅಂದ.

ನೋಡುವ ಮೆಣಸಿನಕಾಯಿ! ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ನನ್ನಂಥವನಿಗೆಂದೇ ಯಾರೋ ಈ ಗಿಡ ಮಾಡಿದ್ದಾರೆ. ಒಂದು ಗಿಡ ಕೊಂಡೆ. ಹಣ್ಣಾದ ನಾಲ್ಕು ಕಾಯಿಯನ್ನು ಜಯಪ್ಪ ಬೀಜಕ್ಕೆಂದು ಪುಕ್ಕಟೆ ಕೊಟ್ಟ.

ಗಾಡಿ ರಿಪೇರಿಯಾಗುವವರೆಗೆ ಒಂದು ಚೂರು ಅಡಿಕೆ ಹಾಕಿದೆ. ಇಲ್ಲಿ ಸುಳ್ಳು ಬರೆದು ಪ್ರಯೋಜನವಿಲ್ಲ. ದಿನಕ್ಕೆ ಮೂರು ನಾಲ್ಕು ಹಾಕುತ್ತಿದ್ದೇನೆ, ಮಂಡಿಯಲ್ಲಿ, ಕೆಲಸದ ನೆಪದಲ್ಲಿ. ಮನೆಗೆ ಬರುವ ಮೊದಲು ಬಾಯಿ ತೊಳೆಯುತ್ತೇನೆ.

೯ ಜುಲೈ, ಮಂಗಳವಾರ

ಮೊಳಕೆ ಬಂತು. ಕೆಮ್ಮಣ್ಣು, ಮರಳು, ಹಳೆ ಸಗಣಿ ಗೊಬ್ಬರ ಸಮ ಮಾಡಿ ಮೊಸರಿನ ಕಪ್ಪುಗಳಲ್ಲಿ ಬಿತ್ತಿದ್ದೆ. ಮೂವತ್ತರಲ್ಲಿ ಇಪ್ಪತ್ತೆರಡು ಎದ್ದಿವೆ. ಎಲೆಯಲ್ಲಿ ಈಗಲೇ ನೇರಳೆ ಛಾಯೆ. ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿದವನು ಇವತ್ತು ವಿಭೂತಿ ಒರೆಸಿಕೊಳ್ಳದೆ ಮಾಳಿಗೆಗೆ ಓಡಿದೆ.

ಕಡ್ಡಿ ಬಾಯಲ್ಲಿಟ್ಟುಕೊಂಡೇ ನೀರು ಹಾಕುತ್ತಿದ್ದೆ. ಶಿವಲೀಲಾ ನೋಡಿ ನಕ್ಕಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಇತ್ತೀಚೆಗೆ ಹೊಸ ಮದುವಣಗಿತ್ತಿಯಂತೆ ಸೆರಗು ಮುಚ್ಚಿಕೊಂಡೇ ನಗುತ್ತಾಳೆ.

೧೫ ಜುಲೈ, ಸೋಮವಾರ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅಡಿಕೆ ಬಿಟ್ಟಿರಾ ಎಂದು ಡಾಕ್ಟರಮ್ಮ ಕೇಳಿದರು. ಬಿಟ್ಟೆ ಎಂದೆ. ಅವರು ಹಲ್ಲಿನ ಸಂದಿಯಿಂದ ಒಂದು ಸಣ್ಣ ಚೂರು ತೆಗೆದು ಬಿಳಿ ಬಟ್ಟೆಯ ಮೇಲಿಟ್ಟು ನನಗೇ ತೋರಿಸಿದರು. ಮಗಳ ವಯಸ್ಸಿನವರು. ಬೈಯಲಿಲ್ಲ. ಸೂಜಿಗೆ ಔಷಧಿ ತುಂಬುತ್ತಾ, ನಾನು ಈ ಕಡೆ ತೆಗೀತಾ ಹೋಗ್ತೀನಿ, ನೀವು ಆ ಕಡೆ ಮುಚ್ಚುತಾ ಹೋಗಿ ಎಂದರು.

ಶಿವಲೀಲಾ ಪಕ್ಕದಲ್ಲೇ ನಿಂತಿದ್ದಳು. ಬಸ್ಸಿನಲ್ಲಿ ಉದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕಣ್ಣೀರು ಒರೆಸಿಕೊಂಡಿದ್ದು ಕಂಡಿತು. ನಾಚಿಕೆಯಾಯಿತು. ಇಪ್ಪತ್ತಾರು ವರ್ಷದಲ್ಲಿ ಅವಳೆದುರು ನಾಚಿಕೆಪಟ್ಟಿದ್ದು ಇದೇ ಮೊದಲು.

೧೬ ಜುಲೈ, ಮಂಗಳವಾರ

ವಿರೂಪಾಕ್ಷಪ್ಪನವರಿಗೆ ಹೇಳಿದೆ, ಇನ್ನು ಮೇಲೆ ಕಚ್ಚಿ ನೋಡುವುದಿಲ್ಲ, ಸೀಳಿ ನೋಡಿ ಮೂಸಿ ಹೇಳುತ್ತೇನೆ, ಒಪ್ಪಿದರೆ ಇರುತ್ತೇನೆ ಎಂದು. ಅವರು ಮೂರು ಚೀಲದಿಂದ ಮೂರು ಅಡಿಕೆ ತೆಗೆದು ಮುಂದಿಟ್ಟರು. ಮೂರನ್ನೂ ಸರಿಯಾಗಿ ಹೇಳಿದೆ. ಮೂವತ್ತು ವರ್ಷ ಸುಮ್ಮನೆ ಅಗಿದೆ ಎಂದಾಯಿತು.

೪ ಆಗಸ್ಟ್, ಭಾನುವಾರ

ಕಡ್ಡಿ: ಹತ್ತು. ಹತ್ತು!

ಇವತ್ತು ಹದಿನಾರು ಸಸಿಗಳನ್ನು ಕುಂಡಕ್ಕೆ ಬದಲಾಯಿಸಿದೆ. ಮಿಕ್ಕವು ಸೊರಗಿ ಹೋದವು. ತುದಿ ಚಿವುಟಿದರೆ ಗಿಡ ಕವಲೊಡೆಯುತ್ತದೆ, ಮೊದಲ ಹೂಗಳನ್ನು ಕಿತ್ತರೆ ಆಮೇಲೆ ತುಂಬ ಕಾಯಿ ಬಿಡುತ್ತವೆ ಎಂದು ಜಯಪ್ಪ ಫೋನಿನಲ್ಲಿ ಹೇಳಿದ್ದ. ಚಿವುಟಲು ಕೈ ಬರಲಿಲ್ಲ. ಶಿವಲೀಲಾ ಬಂದು ಟಕಟಕ ಚಿವುಟಿ ಹೋದಳು.

ಒಂದು ವಿಷಯಕ್ಕೆ ಜಗಳವಾಯಿತು. ನನ್ನ ಕಡ್ಡಿಗಳು ಬೆಳಿಗ್ಗೆ ಒದ್ದೆಯಾಗಿದ್ದವು. ನಾನು ಇನ್ನೂ ಮುಟ್ಟಿರಲಿಲ್ಲ. ಕೇಳಿದರೆ, ಧೂಳಾಗಿದ್ವು ತೊಳೆದೆ ಅಂದಳು. ಬಾಯಿಗೆ ಇಡುವ ವಸ್ತುವನ್ನು ಬೇರೆಯವರು ಮುಟ್ಟಬಾರದು ಎಂದು ಡಾಕ್ಟರಮ್ಮ ಹೇಳಿಲ್ಲವೇ ಎಂದು ಕೂಗಿದೆ. ಮಧ್ಯಾಹ್ನ ಅವಳು ತಾನೇ ಅಂಗಡಿಗೆ ಹೋಗಿ ಹೊಸ ಕಡ್ಡಿಯ ಕಟ್ಟು ತಂದಳು. ಒಂದಲ್ಲ, ಎರಡು ಕಟ್ಟು.

೨೦ ಆಗಸ್ಟ್, ಮಂಗಳವಾರ

ಎಲೆ ಮುದುಡುತ್ತಿದೆ. ಆರು ಗಿಡಕ್ಕೆ ಮುಟುರು. ನಿನ್ನೆ ಇಡೀ ದಿನ ಮಂಡಿಯಲ್ಲಿ ಮನಸ್ಸಿರಲಿಲ್ಲ. ಔಷಧಿ ಹೊಡೆಯಬೇಡಿ, ಹುಳಿ ಮಜ್ಜಿಗೆ ಹೊಡೆಯಿರಿ ಎಂದು ಮಂಡಿಯಲ್ಲಿ ಅಡಿಕೆ ಆರಿಸುವ ಚೌಡಮ್ಮ ಹೇಳಿದಳು. ಹೊಡೆದೆ. ಮಾಳಿಗೆಯೆಲ್ಲ ಮಜ್ಜಿಗೆ ವಾಸನೆ. ಮೂರು ಗಿಡ ಕಿತ್ತು ಎಸೆಯಬೇಕಾಯಿತು. ಅತ್ತುಬಿಟ್ಟೆ. ಐವತ್ತೆರಡು ವರ್ಷದ ಗಂಡಸು ಮೆಣಸಿನ ಗಿಡಕ್ಕೆ ಅತ್ತ ಎಂದು ಯಾರಾದರೂ ಕೇಳಿದರೆ ನಗುತ್ತಾರೆ. ಗಿಡಕ್ಕೆ ಅತ್ತೆನೋ ಬಿಳಿ ಮಚ್ಚೆಗೆ ಅತ್ತೆನೋ ನನಗೂ ಸರಿಯಾಗಿ ಗೊತ್ತಿಲ್ಲ. ರಾತ್ರಿ ಹೆದರಿಕೆಯಾಗುತ್ತದೆ. ಶಿವಲೀಲಾಗೆ ಹೇಳಿಲ್ಲ. ಅವಳಿಗೆ ಇನ್ನೊಂದು ಚಿಂತೆ ಯಾಕೆ.

೧೨ ಸೆಪ್ಟೆಂಬರ್, ಗುರುವಾರ

ಕಡ್ಡಿ: ಹನ್ನೊಂದು.

ಮೊದಲ ಕಾಯಿಗಳು. ನೇರಳೆ, ಬಹುತೇಕ ಕಪ್ಪು.

ಅಡಿಕೆ ಹಾಕಿ ಎಷ್ಟು ದಿನವಾಯಿತೆಂದು ಲೆಕ್ಕ ಮಾಡಲು ಹೋದೆ, ನೆನಪಾಗಲಿಲ್ಲ. ಸಂಜೆ ಮಂಡಿಯಿಂದ ನೇರ ಮಾಳಿಗೆಗೆ ಬರುತ್ತೇನೆ. ಶಿವಲೀಲಾ ಟೀ ಅಲ್ಲಿಗೇ ತರುತ್ತಾಳೆ, ಆರಿಸಿಕೊಂಡು ಕುಡಿಯುತ್ತೇವೆ. ಅವಳೂ ಆರಿಸಿಕೊಂಡೇ ಕುಡಿಯುತ್ತಾಳೆ. ಮೊದಲು ಬೆಂಕಿಯಂಥ ಟೀ ಬೇಕಿತ್ತು ಅವಳಿಗೆ.

“ಎಲ್ಲಾ ಮ್ಯಾಲಕ್ಕೆ ನೋಡ್ಕಂಡೇ ಬೆಳೀತಾವಲ್ರಿ ಇವು,” ಅಂದಳು ಇವತ್ತು. ಕುಂಡಗಳ ನಡುವೆ ಸುಮಾರು ಹೊತ್ತು ಕೂತಿದ್ದಳು. ಜಾಸ್ತಿ ಮಾತಾಡುವುದಿಲ್ಲ ಈಗ. ನನ್ನ ಜೊತೆ ಇದ್ದು ಅವಳಿಗೂ ಮೌನ ರೂಢಿಯಾಗಿರಬೇಕು.

೬ ಅಕ್ಟೋಬರ್, ಭಾನುವಾರ

ಐದೂ ಬಣ್ಣ ಬಂದಿವೆ. ಓಣಿಯವರೆಲ್ಲ ಮಾಳಿಗೆ ಹತ್ತಿ ನೋಡಿಕೊಂಡು ಹೋದರು. ಮಂಡಿಯ ಹಮಾಲಿ ಮೈಲಾರಿಯೂ ಬಂದಿದ್ದ. ನೋಡುವ ಮೆಣಸಿನಕಾಯಿ, ತಿನ್ನಬಾರದು ಎಂದು ಎಚ್ಚರಿಸಿದೆ. ಕಾಯಿ ಅಂದ ಮೇಲೆ ತಿನ್ನದೇ ಇರಾಕೆ ಆಗ್ತೈತಾ ಎಂದು ಒಂದು ಹಳದಿ ಕಾಯಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಆಮೇಲೆ ಒಂದು ಕೊಡ ನೀರು ಕುಡಿದ. ಕಣ್ಣು ಮೂಗು ಎಲ್ಲ ಸುರಿಯಿತು. ಸುಧಾರಿಸಿಕೊಂಡ ಮೇಲೆ, ಖಾರ ಜೋರೈತೆ, ಆದ್ರೆ ರುಚಿ ಐತೆ ಅಂದ. ಜಯಪ್ಪನಿಗೆ ಫೋನ್ ಮಾಡಿದೆ. ವಿಷವೇನಲ್ಲ, ಔಷಧಿ ಹೊಡೆಯದಿದ್ದರೆ ಧಾರಾಳವಾಗಿ ತಿನ್ನಬಹುದು, ಜನ ಅಂದಕ್ಕೆ ಇಡುತ್ತಾರೆ ಅಷ್ಟೇ ಎಂದ.

ಹಾಗಾದರೆ ಇವು ತಿನ್ನುವ ಕಾಯಿಗಳೇ. ನನ್ನ ಮಾಳಿಗೆಯ ತುಂಬ ಖಾರ ಬೆಳೆದು ನಿಂತಿದೆ, ಮನೆಯಲ್ಲಿ ಮಾತ್ರ ಖಾರವಿಲ್ಲ.

೨ ನವೆಂಬರ್, ಶನಿವಾರ

ಕಡ್ಡಿ: ಹದಿಮೂರು.

ನಿನ್ನೆ ಮಂಡಿಯಲ್ಲಿ ಲಕ್ಷ್ಮೀಪೂಜೆ. ವಿರೂಪಾಕ್ಷಪ್ಪನವರು ನಾಲ್ಕು ಕುಂಡ ಬೇಕೆಂದು ಕೇಳಿ ತರಿಸಿಕೊಂಡರು. ಅಡಿಕೆ ರಾಶಿಯ ಎರಡೂ ಬದಿಗೆ ಇಟ್ಟರು. ಬಾಗಿಲಿಗೆ ಚೆಂಡುಹೂವಿನ ನಡುನಡುವೆ ಬಣ್ಣದ ಕಾಯಿ ಪೋಣಿಸಿ ನಾನೇ ಮಾಲೆ ಕಟ್ಟಿದೆ. ಬಂದವರೆಲ್ಲ ಅಡಿಕೆ ಬಿಟ್ಟು ಅದನ್ನೇ ನೋಡಿದರು. ತಾಂಬೂಲ ಹಂಚುವಾಗ ತಟ್ಟೆ ನನ್ನ ಮುಂದೆ ಬಂತು, ಕೈ ಮುಗಿದು ಮುಂದಕ್ಕೆ ಕಳಿಸಿದೆ. ಕಷ್ಟವೆನಿಸಲಿಲ್ಲ.

ಹೊನ್ನಾಳಿಯಿಂದ ಮಗಳು ಸಂಧ್ಯಾರಾಣಿ ಬಂದಿದ್ದಾಳೆ. ಅಲ್ಲಿ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ. ಬಂದವಳೇ, ಅಮ್ಮ ಇಷ್ಟ್ಯಾಕೆ ಇಳಿದುಹೋಗಿದ್ದಾಳೆ ಅಪ್ಪಾಜಿ ಎಂದು ನನ್ನ ಮೇಲೆ ಏರಿ ಬಂದಳು. ಫೋನಿನಲ್ಲಿ ಅಮ್ಮನ ಮಾತು ತೊದಲುತ್ತದಂತೆ, ಹೋಳಿಗೆ ಅರ್ಧ ತಿಂದು ಬಿಟ್ಟಳಂತೆ. ಎಲ್ಲ ನನ್ನ ಪಥ್ಯದ ಪ್ರತಾಪ ಎಂದೆ. ಐದು ತಿಂಗಳಿಂದ ಉಪ್ಪಿಲ್ಲ ಖಾರವಿಲ್ಲ ಎಂದು ತಿಂದರೆ ಯಾರು ಇಳಿಯುವುದಿಲ್ಲ. ಶಿವಲೀಲಾ ಕೂಡ ಹಂಗೇ ಅಂತ ತಲೆಯಾಡಿಸಿದಳು.

ಆದರೆ ಮಗಳು ಹೇಳಿದ್ದು ಮನಸ್ಸಿಗೆ ನಾಟಿತು. ಈ ಹೆಂಗಸು ನನಗಾಗಿ ನಾಲಿಗೆಯನ್ನೇ ಕಟ್ಟಿಹಾಕಿಕೊಂಡಿದ್ದಾಳೆ. ನಾನು ಒಂದು ದಿನವಾದರೂ ನೀನು ತಿನ್ನು ಎಂದು ಒತ್ತಾಯ ಮಾಡಿದೆನೇ? ಮಿರ್ಚಿ ಗಾಡಿಯ ಹತ್ತಿರ ಒಂದು ಸಲ ಅಂದದ್ದು ಅಷ್ಟೇ.

೧೭ ನವೆಂಬರ್, ಭಾನುವಾರ

ಕಡ್ಡಿ: ಹದಿನಾಲ್ಕು. ಬಿಳಿ ಮಚ್ಚೆ ತೆಳುವಾಗಿದೆ ಎಂದು ಡಾಕ್ಟರಮ್ಮ ಕಳೆದ ಸಲ ಹೇಳಿದರು. ಅದನ್ನು ಇಲ್ಲಿ ಬರೆಯಲು ಮರೆತಿದ್ದೆ.

ಒಂದು ಕೆಲಸ ಗುಟ್ಟಾಗಿ ಮಾಡುತ್ತಿದ್ದೇನೆ. ಐದೂ ಬಣ್ಣದ ಕಾಯಿಗಳನ್ನು ಕಿತ್ತು, ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂದೊಂದನ್ನೂ ಸೂಜಿಯಿಂದ ಸೀಳಿ ಗಾಜಿನ ಬಾಟಲಿಗೆ ಹಾಕಿದೆ. ಉಪ್ಪು, ನಿಂಬೆರಸ, ಐದಾರು ಬಿಸಿಲು ಎಂದು ಚೌಡಮ್ಮ ಹೇಳಿಕೊಟ್ಟಿದ್ದಾಳೆ. ಕೈ ಉರಿದು ಆ ಕೈಯಲ್ಲೇ ಕಣ್ಣು ಮುಟ್ಟಿಕೊಂಡು ನರಕ ನೋಡಿದೆ. ಬಾಟಲಿಯನ್ನು ನೀರಿನ ಟ್ಯಾಂಕಿನ ಹಿಂದೆ ಬಿಸಿಲಿಗೆ ಇಟ್ಟಿದ್ದೇನೆ. ಶಿವಲೀಲಾ ಆ ಕಡೆ ಹೋಗುವುದಿಲ್ಲ.

ಬೇರೆಯವರಿಗೆಂದು ಮನೆಯಲ್ಲಿ ಒಂದು ಪದಾರ್ಥ ನನ್ನ ಕೈಯಿಂದ ಮಾಡಿದ್ದು ನೆನಪಿಲ್ಲ.

೨೧ ನವೆಂಬರ್, ಗುರುವಾರ

ನೇರಳೆ ಕಾಯಿಗಳು ನಿಂಬೆರಸದಲ್ಲಿ ಬಣ್ಣ ಬಿಟ್ಟು ಸಪ್ಪಗಾದವು. ಬೇಜಾರಾಯಿತು. ಅವನ್ನು ಆರಿಸಿ ತೆಗೆದು ಕೆಂಪು, ಕಿತ್ತಳೆ ಇನ್ನಷ್ಟು ಸೇರಿಸಿದೆ. ಭಾನುವಾರ ಕೊಡುತ್ತೇನೆ.

೨೪ ನವೆಂಬರ್, ಭಾನುವಾರ

ಹೇಗೆ ಬರೆಯಲಿ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಜೋಳದ ರೊಟ್ಟಿ ಮಾಡಿದ್ದಳು. ನನಗೆ ಹಾಲಿನಲ್ಲಿ ಕಿವುಚಿ ಕೊಟ್ಟು, ನೀವು ತಿನ್ನಿ, ನಾನು ಆಮೇಲೆ ತಿಂತೀನಿ ಅಂದಳು. ಬಹಳ ದಿನದಿಂದ ಹಾಗೇ ಮಾಡುತ್ತಾಳೆ. ಇವತ್ತು ಕೈ ಹಿಡಿದು ಕೂರಿಸಿದೆ. ಅವಳ ತಟ್ಟೆಗೆ ಇಡೀ ರೊಟ್ಟಿ ಹಾಕಿ, ಬೆನ್ನ ಹಿಂದಿನಿಂದ ಬಾಟಲಿ ತೆಗೆದು ಮುಂದಿಟ್ಟೆ. ನನ್ನಿಂದ ನೀನು ಖಾರ ಬಿಟ್ಟೆ, ಆರು ತಿಂಗಳಾಯಿತು, ಇನ್ನು ಸಾಕು, ನೀನು ತಿನ್ನು ನಾನು ನೋಡುತ್ತೇನೆ ಎಂದೆ. ಇಷ್ಟನ್ನು ಹೇಳಲು ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದೆ.

ಅವಳು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ನೀವೇ ಹಾಕಿದ್ರಾ ಅಂದಳು. ಹೂಂ ಎಂದೆ. ನನ್ನ ಮುಖ ನೋಡಿದಳು, ಆಮೇಲೆ ಎಲ್ಲಕ್ಕಿಂತ ಸಣ್ಣದೊಂದು ಕಿತ್ತಳೆ ಕಾಯಿ ತೆಗೆದಳು. ಉಗುರಿನಿಂದ ಎರಡು ಮಾಡಿ, ಅರ್ಧವನ್ನು ತುಟಿಯ ಮೂಲೆಯಿಂದ ಒಳಗೆ ತಳ್ಳಿಕೊಂಡಳು. ಒಂದು ಸಲ ಅಗಿದಳು. ಅಲ್ಲಿಗೆ ನಿಲ್ಲಿಸಿದಳು.

ಕಣ್ಣಲ್ಲಿ ನೀರು ಇಳಿಯಿತು. ನಾನು ನಕ್ಕೆ. ಆರು ತಿಂಗಳಿಗೇ ರೂಢಿ ತಪ್ಪಿತಾ, ಮೈಲಾರಿಯೇ ವಾಸಿ ಎಂದು ಛೇಡಿಸಿದೆ. ಅವಳು ಉಗುಳಲಿಲ್ಲ. ಕಣ್ಣು ಮುಚ್ಚಿ ನುಂಗಿದಳು. ಆಮೇಲೆ ಎದ್ದು ಒಳಗೆ ಹೋಗಿ ಗೋಡೆಗೆ ಒರಗಿ ನಿಂತಳು. ಹಿಂದೆಯೇ ಹೋದೆ. ಬಾಯಿ ಅಗಲ ಮಾಡು, ಗಾಳಿ ಆಡಲಿ ಎಂದೆ. ತಲೆ ಅಲ್ಲಾಡಿಸಿದಳು. ಗಲ್ಲ ಹಿಡಿದು ನಾನೇ ತೆರೆಯಲು ನೋಡಿದೆ.

ತೆರೆಯಲಿಲ್ಲ. ಹಲ್ಲುಗಳ ನಡುವೆ ನನ್ನ ಕಿರುಬೆರಳು ಹಿಡಿಯುವಷ್ಟು ಮಾತ್ರ ಜಾಗವಿತ್ತು. ಆ ಸಂದಿಯಲ್ಲಿ ಒಳಗೆ ಕಂಡದ್ದೆಲ್ಲ ಬೆಳ್ಳಗೆ, ನಡುವೆ ಒಂದು ಕಡೆ ಕೆಂಪಗೆ ಹುಣ್ಣು. ಆರು ತಿಂಗಳಿಂದ ದಿನಾ ಕನ್ನಡಿಯಲ್ಲಿ ನನ್ನ ಕೆನ್ನೆ ನೋಡಿಕೊಂಡವನಿಗೆ ಅದೇನೆಂದು ಯಾರೂ ಹೇಳಬೇಕಿರಲಿಲ್ಲ.

ತಣ್ಣಗಿನ ಹಾಲನ್ನು ಚಮಚದಲ್ಲಿ ಕೊಟ್ಟೆ. ಅರ್ಧ ಸೀರೆಯ ಮೇಲೆ ಚೆಲ್ಲಿತು. ಉರಿ ಇಳಿಯಲು ಬಹಳ ಹೊತ್ತು ಹಿಡಿಯಿತು. ಅಡುಗೆಮನೆಯ ನೆಲದ ಮೇಲೇ ಕೂತಿದ್ದೆವು. ಯಾವಾಗಿನಿಂದ ಎಂದು ಕೇಳಿದೆ. ನಿಮಗಿಂತ ಮೊದ್ಲಿಂದ ಅಂದಳು. ಯಾಕೆ ಹೇಳಲಿಲ್ಲ ಎಂದೆ.

“ಮೊದ್ಲು ನಿಮ್ದು ತೆರೀಲಿ ಅಂತ ಸುಮ್ಕಿದ್ದೆ ರೀ. ಇಬ್ರೂ ಬಾಯಿ ಕಟ್ಕಂಡು ಕೂತ್ರೆ ನಿಮ್ಮನ್ನ ನೋಡೋರ್ಯಾರು?”

ಕಡ್ಡಿ ಒದ್ದೆಯಾಗಿದ್ದು ಯಾಕೆ, ಎರಡು ಕಟ್ಟು ತಂದದ್ದು ಯಾಕೆ, ಡಾಕ್ಟರಮ್ಮನನ್ನು ಅಷ್ಟೆಲ್ಲ ಕೇಳಿದ್ದು ಯಾಕೆ, ಎಲ್ಲ ಒಂದರ ಹಿಂದೆ ಒಂದು ಬಂದು ಎದೆಗೆ ಹೊಡೆದವು. ನನ್ನ ಬಾಯಿಯನ್ನು ಕಡ್ಡಿ ಕಡ್ಡಿಯಾಗಿ ಅಳೆದು ಬರೆದಿದ್ದೇನೆ. ಎದುರಿಗೆ ಕೂತವಳ ಬಾಯಿ ಮುಚ್ಚುತ್ತಾ ಬಂದದ್ದು ಕಾಣಲಿಲ್ಲ. ಕಂಡದ್ದನ್ನೂ ನನಗಾಗಿ ಎಂದುಕೊಂಡೆ. ನಾನೊಬ್ಬ ಮೂರ್ಖ.

ಇಷ್ಟಿರುವಾಗ ಆ ಕಾಯಿ ಯಾಕೆ ತಿಂದೆ, ಬೇಡ ಎನ್ನಬಹುದಿತ್ತಲ್ಲ ಎಂದು ಕೇಳಿದೆ.

“ಅಷ್ಟು ಆಸೆ ಮಾಡಿ ಕೊಟ್ರಿ. ಹೆಂಗೆ ಬ್ಯಾಡ ಅನ್ಲಿ?”

೨೫ ನವೆಂಬರ್, ಸೋಮವಾರ

ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆವು. ಯಾವಾಗಲೂ ನಾನು ಕೂರುತ್ತಿದ್ದ ಕುರ್ಚಿಯಲ್ಲಿ ಅವಳನ್ನು ಕೂರಿಸಿದರು. ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಾನು ನಿಂತೆ. ಡಾಕ್ಟರಮ್ಮ ದೀಪ ಹಿಡಿದು ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು, ಮತ್ತೆ ನೋಡಿದರು. ಕಡ್ಡಿ ಆರು ಹಿಡಿದವು. ಕೆಂಪಗಿದ್ದ ಕಡೆಯಿಂದ ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಹತ್ತು ದಿನ ಕಾಯಬೇಕು. ಏನಿರಬಹುದು ಎಂದು ಕೇಳಿದೆ. ಈಗಲೇ ಹೇಳಾಕೆ ಆಗಲ್ಲ, ಇನ್ನೂ ಮೊದಲೇ ಬರಬೇಕಿತ್ತು ಎಂದರು. ಅವಳು ಜೂನ್‌ನಿಂದ ನನ್ನ ಜೊತೆ ಪ್ರತಿ ಸಲವೂ ಇಲ್ಲಿಗೆ ಬಂದಿದ್ದಾಳೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಆಮೇಲೆ ಫಾರಂ ತುಂಬಲು ಕೂತರು. ಹೆಸರು, ವಯಸ್ಸು, ಊರು. ತವರುಮನೆಯಲ್ಲಿ ಅಡಿಕೆ ಹಾಕುವ ರೂಢಿ ಇತ್ತೇ ಎಂದು ಕೇಳಿದರು. ಇಲ್ಲ ಎಂದು ಶಿವಲೀಲಾ ತಲೆಯಾಡಿಸಿದಳು. ಅವಳ ತವರು ಜಗಳೂರು ಕಡೆ. ಶೇಂಗಾ, ಮೆಕ್ಕೆಜೋಳದ ಊರು. ಮದುವೆಯಾಗಿ ಬಂದಾಗ ಅವಳ ಹಲ್ಲು ಹಾಲಿನಂತಿದ್ದವು. ಮಂಡಿಯಿಂದ ಒಳ್ಳೆಯ ಅಡಿಕೆ ಆರಿಸಿ ತಂದು, ತೆಳ್ಳಗೆ ಕತ್ತರಿಸಿ, ಎಲೆಗೆ ಸುಣ್ಣ ಹಚ್ಚಿ ಮೊದಲ ಸಲ ಅವಳ ಕೈಗೆ ಇಟ್ಟವನು ನಾನು. ಒಗರು ಎಂದು ಮುಖ ಸಿಂಡರಿಸಿದ್ದಳು. ಅಡಿಕೆಯವನ ಹೆಂಡತಿ ಅಡಿಕೆ ಬೇಡ ಅನ್ನಬಾರದು ಎಂದು ನಗಿಸಿ ತಿನ್ನಿಸಿದ್ದೆ. ಆಗಲೂ ಅವಳು ಬೇಡ ಎನ್ನಲಿಲ್ಲ.

ಎಷ್ಟು ವರ್ಷದಿಂದ ಎಂದರು. ಇಪ್ಪತ್ತಾರು ಎಂದೆ. ದಿನಕ್ಕೆ ಎಷ್ಟು ಸಲ ಎಂದು ಅವಳನ್ನು ಕೇಳಿದರು. ಬಾಯಿಗೆ ಹತ್ತಿ ಇಟ್ಟಿದ್ದರು, ಅವಳು ನನ್ನ ಕಡೆ ನೋಡಿದಳು. ದಿನಾ ಬೆಳಿಗ್ಗೆ ಅವಳ ಪಾಲಿನದನ್ನು ಕತ್ತರಿಸಿ ತಟ್ಟೆಯಲ್ಲಿ ಇಟ್ಟು ಮಂಡಿಗೆ ಹೋಗುತ್ತಿದ್ದವನು ನಾನೇ ಆದ್ದರಿಂದ ನನಗೆ ಸರಿಯಾಗಿ ಗೊತ್ತಿತ್ತು.

ಎಂಟು, ಎಂದೆ. ಡಾಕ್ಟರಮ್ಮ ಬರೆದುಕೊಂಡರು.